ವಕೀಲ ಥಾರ್ನ್‌ರ ಕೊನೆಯ ಕೂಗು

ವಕೀಲ ಥಾರ್ನ್ ತಮ್ಮ ಕಚೇರಿಯ ಮೇಜಿನ ಮೇಲೆ ತಲೆಯೊರಗಿಸಿ ಸತ್ತಿದ್ದರು. ಹಿಂದಿನಿಂದ ಬಿದ್ದ ಪೆಟ್ಟು. ಒಲೆ ಕೆದಕುವ ಕಬ್ಬಿಣದ ಸಲಾಕೆ ನೆಲದ ಮೇಲಿತ್ತು. ಥಾರ್ನ್‌ರ ಕುತ್ತಿಗೆಗೆ ಉಣ್ಣೆಬಟ್ಟೆ ಸುತ್ತಿತ್ತು. ಮೇಜಿನ ಮೇಲೆ ಜೇನಿನ ಭರಣಿ, ಸ್ಲೇಟು, ಬಳಪ. ಡಾಕ್ಟರ್ ಪ್ರೂಯೆಟ್ ಅದೆಲ್ಲವನ್ನೂ ಕಂಡರೂ ಅವರ ಗಮನವೆಲ್ಲ ಕೆಳಗಿನ ಬೀದಿಯಲ್ಲಿತ್ತು. ಅಮೆರಿಕದ ಇಲಿನಾಯ್ ಸೀಮೆಯ ಹಾರ್ಲೋ ಪಟ್ಟಣ ನೇಣಿನ ಹಗ್ಗ ಹಿಡಿದು ಅಲ್ಲಿ ಕಾಯುತ್ತಿತ್ತು.

ಆ ಜನರಿಗೆ ಬೇಕಾಗಿದ್ದವನು ಟೈಟಸ್ ವೀಲರ್. ಹಿಂದೊಮ್ಮೆ ಗುಲಾಮನಾಗಿದ್ದು, ಈಗ ಊರಿನ ಕ್ಷೌರಿಕನಾಗಿದ್ದ ಕಪ್ಪು ಮನುಷ್ಯ.

"ಟೈಟಸ್ ಮೇಲೆ ಹೋದ. ನಾನು ಮೆಟ್ಟಿಲ ಕೆಳಗೇ ಇದ್ದೆ," ಎಂದ ಥಾರ್ನ್‌ರ ಜೊತೆಗಾರ ವಕೀಲ ಸೈಲಸ್ ಬ್ರೆಂಟ್. ಪಕ್ಷದ ಸಭೆಗೆಂದು ಕೆಲವು ದಿನ ಪರವೂರಿನಲ್ಲಿದ್ದು ಅಂದೇ ಮರಳಿದ್ದ. "ಥಾರ್ನ್ ಚುನಾವಣೆ ಭಾಷಣ ಅಭ್ಯಾಸ ಮಾಡ್ತಿದ್ರು. ಆಮೇಲೆ, 'ಟೈಟಸ್, ಬೇಡ!' ಅಂತ ಕೂಗಿದ್ದು ಕೇಳಿಸ್ತು."

ನ್ಯಾಯಾಧೀಶರ ವಿಧವೆ ಕೆಜಾಯಾ ಮಾರ್ಷ್ ಕೋಣೆಯ ಮೂಲೆಯಲ್ಲಿ ನಿಂತಿದ್ದ ಟೈಟಸ್‌ನತ್ತ ತಿರುಗಿದರು. ಊರಿನ ಎಷ್ಟೋ ಒಗಟುಗಳನ್ನು ಬಿಡಿಸಿದ್ದ ಹೆಂಗಸು. "ಟೈಟಸ್, ನಿನಗವರು ಏನಂದ್ರು?"

"ಏನೂ ಅನ್ಲಿಲ್ಲಮ್ಮ. ಕ್ಷೌರ ಮುಗಿದ್ಮೇಲೆ ಹೋಗು ಅಂತ ಕೈಸನ್ನೆ ಮಾಡಿದ್ರು."

"ನೋಡಿ, ಸುಳ್ಳ!" ಬ್ರೆಂಟ್ ಅರಚಿದ.

"ಡಾಕ್ಟ್ರೇ, ಥಾರ್ನ್‌ರ ಗಂಟಲು ನೋಡಿ," ಎಂದರು ಕೆಜಾಯಾ.

ಡಾಕ್ಟರ್ ದೀಪ ಹಿಡಿದು ಬಗ್ಗಿದರು. ಒಳಗೆಲ್ಲ ಕೆಂಪಗೆ ಬಾತು ದಾರಿಯೇ ಮುಚ್ಚಿದಂತಿತ್ತು. ಇದನ್ನು ತಾವೇ ಮೊದಲು ನೋಡಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು.

ಕೆಜಾಯಾ ಷರೀಫರನ್ನೂ ಗುಂಪಿನ ಮುಂದಾಳುಗಳನ್ನೂ ಒಳಗೆ ಕರೆಸಿದರು.

"ಡಾಕ್ಟ್ರೇ, ಈ ಗಂಟಲಿಂದ ಕೂಗೋಕಾಗುತ್ತಾ?"

"ಪಿಸುಗುಟ್ಟೋಕೂ ಆಗಲ್ಲ."

"ಬಯಲಲ್ಲಿ ಭಾಷಣ ಮಾಡಿ ಮಾಡಿ ದನಿ ಹೋಗಿತ್ತು. ಎದುರಾಳಿಗಳು ಆಡ್ಕೋತಾರೆ ಅಂತ ಮುಚ್ಚಿಟ್ಟಿದ್ರು. ಅದಕ್ಕೇ ಬಟ್ಟೆ, ಜೇನು, ಮಾತಿಗೆ ಸ್ಲೇಟು. ಪರವೂರಿಗೆ ಹೋಗಿದ್ದ ಬ್ರೆಂಟ್‌ಗೂ ಇದು ಗೊತ್ತಿರ್ಲಿಲ್ಲ. ಟೈಟಸ್ ಹೋದ್ಮೇಲೆ ನೀವು ಬಂದ್ರಿ, ಬ್ರೆಂಟ್. ಅವರು ತಿರುಗಿ ನೋಡೋಕೆ ಮೊದಲೇ ಹೊಡೆದ್ರಿ. ಅವರಿಗೆ ದನಿಯಿಲ್ಲ ಅಂತ ತಿಳಿಯೋ ಅವಕಾಶವೇ ನಿಮಗೆ ಸಿಗಲಿಲ್ಲ. ಆ ಕೂಗು ನಿಮ್ಮ ಕಟ್ಟುಕತೆ."

ಬ್ರೆಂಟ್ ಕುರ್ಚಿಗೆ ಕುಸಿದ. "ಇಷ್ಟು ವರ್ಷ ಅವನ ಭಾಷಣಗಳೆಲ್ಲ ನಾನು ಬರೆದದ್ದು. ಚಪ್ಪಾಳೆ ಮಾತ್ರ ಅವನಿಗೆ. ಈ ಸಲ ಗುಲಾಮಗಿರಿ ವಿರುದ್ಧ ಮಾತಾಡ್ತೀನಿ ಅಂತ ಹಟ ಹಿಡಿದ. ಅವನು ಚುನಾವಣೆಯಿಂದ ಹಿಂದೆ ಸರಿದ್ರೆ ನನ್ನನ್ನೇ ನಿಲ್ಲಿಸ್ತೀವಿ ಅಂದಿತ್ತು ಪಕ್ಷ. ಅವನು ಸರಿಯೋ ಪೈಕಿ ಅಲ್ಲ."

ಷರೀಫ್ ಅವನನ್ನು ಕರೆದೊಯ್ದರು. ಬೀದಿ ಮೆಲ್ಲಗೆ ಖಾಲಿಯಾಯಿತು. ಯಾರೂ ಟೈಟಸ್‌ನ ಕಡೆ ಕಣ್ಣೆತ್ತಿ ನೋಡಲಿಲ್ಲ.

ಡಾಕ್ಟರ್ ಅವನ ಅಂಗಡಿಗೆ ಹೋದಾಗ ಅವನು ಕ್ಷೌರದ ಕತ್ತಿಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದ.

"ಊರು ಬಿಡ್ತಿದ್ದೀಯಾ? ಇನ್ನೇನು ಭಯ ಟೈಟಸ್? ಎಲ್ಲ ಸರಿಹೋಯ್ತಲ್ಲ."

"ಹಗ್ಗ ಹಿಡಿದಿದ್ದವರೆಲ್ಲ ನನ್ನ ಗಿರಾಕಿಗಳೇ, ಡಾಕ್ಟ್ರೇ. ನಾಳೆ ಬಂದು ಈ ಕುರ್ಚೀಲಿ ಕೂತು ಕತ್ತು ಚಾಚ್ತಾರೆ. ನನ್ನ ಕೈ ನಡುಗದೆ ಇರುತ್ತಾ, ನೀವೇ ಹೇಳಿ."

ಡಾಕ್ಟರ್ ಗಂಟಿನ ಒಂದು ತುದಿ ಹಿಡಿದುಕೊಂಡರು. ಟೈಟಸ್ ಬಿಗಿಯಾಗಿ ಕಟ್ಟಿದ.