ಮೂಗಿನಿಂದ ಒತ್ತಿದ ಬಟನ್

“ಬಾಯಿ ಮುಚ್ಕೊಂಡು, ಕೈ ಕಟ್ಕೊಂಡು ಕೂರಬೇಕು. ಗೊತ್ತಾಯ್ತಾ?” ಎಂದಳು ಅಮ್ಮ.

“ಒಂದೇ ಒಂದು ಮಾತೂ ಆಡಬಾರದಾ?”

“ಅದೂ ಆಡಬಾರದು.”

ರೇಡಿಯೊ ಎಂದು ಮನೆಮಂದಿಯೆಲ್ಲ ಕರೆಯುವ ಹುಡುಗಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ? ನಿದ್ದೆಯಲ್ಲೂ ಅವಳ ಪ್ರಸಾರ ನಿಲ್ಲುತ್ತಿರಲಿಲ್ಲ. ಆದರೂ ಮಾವನ ಬೇಕರಿಯ ಹಿಂದಿನ ಕೋಣೆಯಲ್ಲಿ, ಹಿಟ್ಟಿನ ಮೂಟೆಯ ಮೇಲೆ, ತುಟಿ ಬಿಗಿದು ಕುಳಿತಳು.

ವಿಷಯ ಇಷ್ಟೇ. ಬನ್ನುಗಳನ್ನು ಓವನ್‌ನಲ್ಲಿಟ್ಟು ಮರೆತುಬಿಡುವುದರಲ್ಲಿ ಮಾವ ಎತ್ತಿದ ಕೈ. ಹೋದ ವಾರ ಒಂದು ಟ್ರೇ ಪೂರ್ತಿ ಇದ್ದಿಲಾಗಿತ್ತು. ಅದಕ್ಕೇ ರೇಡಿಯೊ ಅಮ್ಮನ ಹಳೇ ಫೋನಿನಲ್ಲಿ ಎಐಗೆ ಹೇಳಿ ಒಂದು ಟೈಮರ್ ಆ್ಯಪ್ ಮಾಡಿಸಿದ್ದಳು. ಅವಳು ಹೇಳಿದ್ದಷ್ಟೇ, ಕೋಡ್ ಬರೆದದ್ದೆಲ್ಲ ಎಐ. ಒಂದು ಲೋಟ ಹಾಲು ಕುಡಿದು ಮುಗಿಸುವಷ್ಟರಲ್ಲಿ ಆ್ಯಪ್ ರೆಡಿ. ಪರದೆ ತುಂಬ ಬಣ್ಣಬಣ್ಣದ ಚಿಟ್ಟೆಗಳು, ಜೊತೆಗೆ ಸಂಗೀತ.

“ಮೊದಲು ಒಂದು ಟ್ರೇ ಇಟ್ಟು ನೋಡೋಣ. ಸರಿಹೋದ್ರೆ ನಿನ್ನ ಆ್ಯಪೇ ನಮ್ಮ ಬೇಕರಿಗೆ ಖಾಯಂ” ಎಂದಿದ್ದ ಮಾವ. ರೇಡಿಯೊಗೆ ಅಷ್ಟು ಹೊತ್ತು ತಡೆದುಕೊಳ್ಳಲು ಎಲ್ಲಿ ಆಗುತ್ತದೆ? ನನ್ನ ಆ್ಯಪ್ ಬೇಕರಿಯಲ್ಲಿ ಓಡುತ್ತಿದೆ ಎಂದು ಆಗಲೇ ಕ್ಲಾಸಿಗೆಲ್ಲ ಡಂಗುರ ಸಾರಿದ್ದಳು. ನಾಳೆ ಗೆಳತಿಯರ ಹಿಂಡೇ ನೋಡಲು ಬರುವುದಿತ್ತು. ಇವತ್ತು ಅದು ಕೈಕೊಟ್ಟರೆ ಮಾನ ಮೂರು ಕಾಸಿಗೆ ಹರಾಜು.

ಅಮ್ಮ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಳು. ಸುಮ್ಮನಿರುವ ನಿಯಮ ಅಲ್ಲಿನದೇ. “ಏನೇ ಹೊಸದು ಮಾಡಿದ್ರೂ ಬಳಸೋರ ಕೈಗೆ ಕೊಟ್ಟು, ಪಕ್ಕದಲ್ಲಿ ಸುಮ್ನೆ ಕೂತು ನೋಡ್ಬೇಕು. ಪರೀಕ್ಷೇಲಿ ನಿಮ್ಮ ಟೀಚರ್ ಉತ್ತರ ಹೇಳ್ಕೊಡ್ತಾರಾ?” ಎಂದು ಕೇಳಿದ್ದಳು.

ಮಾವ ಟ್ರೇಯನ್ನು ಓವನ್ನಿನೊಳಗೆ ತಳ್ಳಿ, ಮೊಣಕಾಲಿನಿಂದ ಬಾಗಿಲು ಮುಚ್ಚಿದ. ಫೋನು ಸಕ್ಕರೆ ಡಬ್ಬಿಗೆ ಒರಗಿ ನಿಂತಿತ್ತು. ಅದನ್ನು ಒತ್ತಲು ಬೆರಳು ಚಾಚಿದವನು ತಡೆದ. ಎರಡೂ ಕೈಗೆ ಮೊಣಕೈವರೆಗೆ ಹಿಟ್ಟು ಮೆತ್ತಿತ್ತು. ಏಪ್ರನ್ನಿಗೆ ಒರೆಸಿಕೊಳ್ಳೋಣವೆಂದರೆ ಅದರ ತುಂಬವೂ ಹಿಟ್ಟೇ. ಕೊನೆಗೆ ಬಗ್ಗಿ, ಮೂಗಿನ ತುದಿಯಿಂದ ಬಟನ್ ಒತ್ತಿದ.

ಚಿಟ್ಟೆಗಳೆಲ್ಲ ಒಟ್ಟಿಗೇ ಹಾರಿದವು. “ವಾವ್” ಎಂದ ಮಾವ, ತಿರುಗಿ ನಿಂತು ಮುಂದಿನ ಹಿಟ್ಟು ನಾದತೊಡಗಿದ.

ರೇಡಿಯೊಗೆ ನಗು ತಡೆಯಲಾಗಲಿಲ್ಲ. ಆದರೆ ಚಿಟ್ಟೆಗಳು ಹಾರಿಹೋದ ಜಾಗದಲ್ಲಿ ಒಂದು ಪ್ರಶ್ನೆ ನಿಂತಿತ್ತು: ‘ನಿಜವಾಗಿಯೂ ಶುರು ಮಾಡಲೇ? ಹೌದು / ಬೇಡ.’

ನಗು ಅಲ್ಲೇ ನಿಂತಿತು. ಮನೆಯಲ್ಲಿ ಆಡಿಸಿ ನೋಡುವಾಗ ಅವಳ ಬೆರಳು ತಾನಾಗಿಯೇ ‘ಹೌದು’ ಒತ್ತುತ್ತಿತ್ತು. ಅಲ್ಲೊಂದು ಪ್ರಶ್ನೆ ಇದೆ ಎಂದೇ ಅವಳಿಗೆ ಅನಿಸಿರಲಿಲ್ಲ.

ಅಮ್ಮನ ಕಡೆ ನೋಡಿದಳು. ಅಮ್ಮನೂ ಅದನ್ನೇ ನೋಡುತ್ತಿದ್ದಳು, ಆದರೆ ತುಟಿಪಿಟಕ್ಕೆನ್ನಲಿಲ್ಲ.

ಈಗ ಹೇಳಿದರೆ ಆ್ಯಪ್ ಫೇಲ್. ಹೇಳದಿದ್ದರೆ ಮಾವ ತಾನೇ ತಿರುಗಿ ನೋಡಬಹುದು. ರೇಡಿಯೊ ಕಾದಳು. ಮಾವ ಏನೋ ಗುನುಗುತ್ತ ನಾದುತ್ತಲೇ ಇದ್ದ. ಕೋಣೆಯಲ್ಲಿ ಘಮ್ಮೆಂದು ಬನ್ನಿನ ಪರಿಮಳ ಹರಡಿತು. ಸ್ವಲ್ಪ ಹೊತ್ತಿಗೆ ಆ ಪರಿಮಳಕ್ಕೆ ಕೊಂಚ ಸೀಯುವ ವಾಸನೆಯೂ ಸೇರಿತು. ಮಾವ ಒಂದೊಂದಾಗಿ ಉಂಡೆ ಕಟ್ಟಿಟ್ಟ ಬನ್ನುಗಳು. ಅವಳಿಗೆ ಭಯವಾಯಿತು, ಮಾವನನ್ನು ನೋಡಿ ಅಯ್ಯೋ ಅನಿಸಿತು.

“ಮಾವ, ಟೈಮರ್ ಶುರುವೇ ಆಗಿಲ್ಲ. ಬನ್ ತೆಗಿ.”

ಮಾವ ದಪ್ಪ ಗ್ಲೌಸ್ ಸಿಕ್ಕಿಸಿಕೊಂಡು ಓಡಿದ. ಬನ್ನುಗಳ ನೆತ್ತಿ ಕಪ್ಪುಗೆಂಪಾಗಿತ್ತು, ಸುಟ್ಟಿರಲಿಲ್ಲ.

“ಇನ್ನೊಂಚೂರು ತಡ ಆಗಿದ್ರೆ ಇಟ್ಟಿಗೆ ಅಂತ ಗೋಡೆ ಕಟ್ಟೋಕೆ ಕೊಡ್ಬಹುದಿತ್ತು” ಎಂದ.

ರೇಡಿಯೊಗೆ ಕಣ್ಣು ತುಂಬಿ ಬಂತು. “ಆ ಪ್ರಶ್ನೆ ನಾನಿಟ್ಟಿದ್ದಲ್ಲ. ಎಐ ತಾನೇ ಇಟ್ಟಿದ್ದು.”

“ಪಾಪ, ಬನ್ನಿಗೆ ಅದು ಗೊತ್ತಿರಲಿಲ್ಲ” ಎಂದ ಮಾವ.

“ಎಐಗೆ ನೀನು ಏನಂತ ಹೇಳಿದ್ದೆ?” ಅಮ್ಮ ಕೇಳಿದಳು.

“ನೋಡಿದೋರೆಲ್ಲ ವಾವ್ ಅನ್ನೋ ಹಾಗೆ ಟೈಮರ್ ಮಾಡು ಅಂತ.”

“ಮಾವ ವಾವ್ ಅಂದ್ನಲ್ಲ. ಹೇಳಿದ್ದನ್ನ ಮಾಡಿದೆ ಅದು.” ಅಮ್ಮ ನಕ್ಕುಬಿಟ್ಟಳು. “ನನ್ನ ಕಥೆನೂ ಇದೇ ಕಣೇ. ಮುಂಚೆ ಕೋಡ್ ಬರೆಯೋಕೆ ತಿಂಗಳು ಹಿಡೀತಿತ್ತು. ಈಗ ಊಟದ ಹೊತ್ತಿಗೆ ರೆಡಿ. ಆಮೇಲೆ ಹೀಗೇ ಬಳಸೋರ ಪಕ್ಕದಲ್ಲಿ ಕೂತು ಒದ್ದಾಡೋದು.”

“ನಾನು ಮಾತಾಡ್ಬಿಟ್ಟೆ.”

“ಒಳ್ಳೇದೇ ಮಾಡಿದೆ. ನೀನು ಹೇಳ್ದೆ ಇದ್ದಿದ್ರೆ ನಾನೇ ಕೂಗ್ತಿದ್ದೆ.”

ರೇಡಿಯೊ ಕಣ್ಣೊರೆಸಿಕೊಂಡು, ಫೋನು ತೆಗೆದುಕೊಂಡು ಎಐ ತೆರೆದಳು. ‘ಏನು ಬದಲಾಯಿಸಲಿ?’ ಎಂದು ಎಐ ಕೇಳುತ್ತಿತ್ತು. ಪ್ರಶ್ನೆ ತೆಗೆದುಹಾಕು ಎಂದು ಟೈಪ್ ಮಾಡಲು ಹೊರಟವಳು ನಿಂತಳು. ಹೊತ್ತು ಮುಗಿದು ಟೈಮರ್ ಗಂಟೆ ಬಾರಿಸಿದಾಗ ಅದನ್ನು ನಿಲ್ಲಿಸುವುದು ಹೇಗೆ? ಆಗ ಮಾವನ ಕೈಯಲ್ಲಿ ಬಿಸಿ ಟ್ರೇ ಇರುತ್ತದೆ, ಕೈಗೆ ಗ್ಲೌಸ್ ಇರುತ್ತದೆ. ಬಗ್ಗಿ ಬಗ್ಗಿ ಮೂಗಿನಿಂದ ಎಷ್ಟು ಸಲ ಒತ್ತಿಯಾನು? ಇಷ್ಟು ವರ್ಷ ಇಲ್ಲಿ ಬನ್ ತಿಂದಿದ್ದಳು, ಮಾವ ಕೆಲಸ ಮಾಡುವುದನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

“ನಾಳೆ ನಿನ್ನ ಗೆಳತಿಯರು ಬಂದ್ರೆ ಏನು ತೋರಿಸ್ತೀಯ?” ಮಾವ ಕಣ್ಣು ಮಿಟುಕಿಸಿದ.

“ಇನ್ನೂ ಆಗಿಲ್ಲ ಅಂತ ಹೇಳ್ತೀನಿ. ನೀನು ಕೆಲಸ ಮಾಡು ಮಾವ, ನಾನು ನೋಡ್ಬೇಕು.”

ಮಾವ ಮುಂದಿನ ಟ್ರೇ ಎತ್ತಿಕೊಂಡ. ಅವಳು ಅವನ ಕೈಗಳನ್ನೇ ನೋಡುತ್ತ ಕುಳಿತಳು. ಏನು ಬದಲಾಯಿಸಲಿ ಎಂದು ತೊಡೆಯ ಮೇಲೆ ಫೋನು ಇನ್ನೂ ಕಾಯುತ್ತಿತ್ತು. ಕಾಯಲಿ ಎಂದುಕೊಂಡಳು.