ನಾನೂ ಬಿ ಪಾಸಿಟಿವ್!

"ಮುಟ್ಬೇಡಿ!"

ಸೂರಜ್ ಕಿರುಚಿದ ರಭಸಕ್ಕೆ ಚೆನ್ನೈನ ಟಿ. ನಗರದ ಅರ್ಧ ಟ್ರಾಫಿಕ್ ನಿಂತೋಯ್ತು. ಸುಳ್ಳಲ್ಲ, ಇನ್ನರ್ಧ ಮೊದಲೇ ನಿಂತಿತ್ತು.

ಕಾಂತಪ್ಪನವರ ಹೋಟೆಲಿಗೆ ಕಾಫಿ ಮಾಡೋಕೆ ಅವತ್ತೇ ಸೇರಿದ್ದ. ಹಾಲಿನ ಕ್ಯಾನಿನ ಮುಚ್ಚಳ ತಾಗಿ ಬೆರಳು ಕುಯ್ದಿತ್ತು. ರಕ್ತ ಒರೆಸೋಕೆ ಓಡಿ ಬಂದದ್ದು ಓನರ್ ಮಗಳು ವೀಕ್ಷಾ.

'ಎಂತ ಜಂಭ ಇವನಿಗೆ!' ಅವಳ ಕಣ್ಣು ತುಂಬಿತು.

ಬೆರಳಿಗೆ ತಾನೇ ಬಟ್ಟೆ ಸುತ್ತಿಕೊಂಡು, ಅವನು ಮೆಲ್ಲಗೆ ಹೇಳಿದ. "ಬೇಜಾರ್ ಮಾಡ್ಬೇಡಿ... ನಾನು ಬಿ ಪಾಸಿಟಿವ್."

"ಅಷ್ಟೇಯಾ? ನಾನೂ ಬಿ ಪಾಸಿಟಿವ್ವೇ ಮಾರಾಯ್ರೆ!"

"ನಿಮಗೂ ಉಂಟಾ?!"

"ಹುಟ್ಟಿದಾಗಿಂದ್ಲೇ ಉಂಟು. ಅಮ್ಮನಿಂದ ಬಂದದ್ದು."

ಸೂರಜ್ ಅತ್ತೇಬಿಟ್ಟ. ಬ್ಲಡ್ ಗ್ರೂಪಿಗೆಲ್ಲ ಅಳುವ ಗಂಡಸನ್ನ ವೀಕ್ಷಾ ಮೊದಲ ಸಲ ನೋಡಿದ್ದು. ಹೃದಯ ಜಾರಿತು!

ಆಮೇಲೆ ದಿನಾ ಬೆಳಿಗ್ಗೆ ಕಾಫಿ ಜೊತೆ ಅವನದ್ದು ಒಂದೇ ಪ್ರಶ್ನೆ. "ಲಿವರ್ ಹೇಗುಂಟು?"

'ಇದೆಂಥಾ ಪ್ರೀತಿ?' ವೀಕ್ಷಾಗೆ ರಾತ್ರಿ ನಿದ್ದೆ ಇಲ್ಲ. ಹಗಲು ಚಿಲ್ಲರೆ ಲೆಕ್ಕ ತಪ್ಪುತ್ತೆ. ಹೃದಯ ಕೇಳೋದು ಬಿಟ್ಟು ಲಿವರ್ ಯಾಕೆ ಕೇಳ್ತಾನೆ?

ಒಂದು ದಿನ ಕಾರ್ಪೊರೇಷನ್ ಆರೋಗ್ಯ ಕೇಂದ್ರದ ನರ್ಸು ಸೀತಾಕ್ಕ ಹೋಟೆಲಿಗೆ ಬಂದು ಅವಳನ್ನ ಮೂಲೆಗೆ ಕರೆದರು.

"ಸೂರಜ್ ನಿನ್ನ ಹೆಸರು ಕೊಟ್ಟ ಕಣಮ್ಮ. ಅವನ ಹಾಗೆ ನಿನಗೂ ಲಿವರಿಗೆ ಬರೋ ಹೆಪಟೈಟಿಸ್ ಬಿ ಅಂತೆ? ಟೆಸ್ಟಿಗೆ ಯಾಕೆ ಬರ್ತಿಲ್ಲ?"

"ಅಯ್ಯೋ! ನಾನು ಹೇಳಿದ್ದು ಬ್ಲಡ್ ಗ್ರೂಪು!"

ಹಿಂದೆ ಟ್ರೇ ಬಿದ್ದ ಸದ್ದು. ಸೂರಜ್ ನಿಂತಿದ್ದ. ಮುಖದಲ್ಲಿ ರಕ್ತವೇ ಇಲ್ಲ.

"ಕ್ಷಮಿಸಿ... ನಮ್ಮಿಬ್ಬರದ್ದೂ ಒಂದೇ ಅಂತ ತಿಳ್ಕೊಂಡೆ," ಅಂದವನೇ ಬ್ಯಾಗ್ ಎತ್ಕೊಂಡು ಬಸ್ ಸ್ಟ್ಯಾಂಡಿಗೆ ಹೋಗೇಬಿಟ್ಟ!

ವೀಕ್ಷಾ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ನಡೆದು ಹೋಟೆಲಿನ ನೆಲ ಸವೆಸಿದಳು. "ಅಕ್ಕಾ... ಅವನ ಜೊತೆ ಊಟ ಮಾಡಿದ್ರೆ?"

"ಬರಲ್ಲ."

"ಅವನು ಕೊಟ್ಟ ಕಾಫಿ?"

"ಬರಲ್ಲಮ್ಮ! ಅದು ರಕ್ತದಿಂದ ಬರುತ್ತೆ, ಗಂಡ ಹೆಂಡತಿ ಸೇರಿದ್ರೆ ಬರಬಹುದು. ಅದಕ್ಕೇ ಲಸಿಕೆ ಇರೋದು. ಅವನಿಗೂ ನಮ್ಮಲ್ಲಿ ಪುಕ್ಕಟೆ ಚೆಕಪ್ ಇದೆ. ಆದ್ರೆ ಅವನು ತಪ್ಪದೆ ಬರಬೇಕು."

"ಹಾಗಾದ್ರೆ ನಡೀರಿ!"

ಟೆಸ್ಟಲ್ಲಿ ಅವಳಿಗೆ ಏನೂ ಇರಲಿಲ್ಲ. ತೋಳಿಗೆ ಒಂದು ಸೂಜಿ ಚುಚ್ಚಿಸ್ಕೊಂಡು, ಹತ್ತಿ ಒತ್ತಿ ಹಿಡಿದು ಆಟೋ ಹತ್ತಿದಳು. ಕೋಯಂಬೇಡು ಬಸ್ ಸ್ಟ್ಯಾಂಡಿನವರೆಗೆ ಒಂದೂ ಸಿಗ್ನಲ್ ಕೆಂಪಾಗಲಿಲ್ಲ. ಕೆಂಪಾಗೋ ಧೈರ್ಯ ಯಾವುದಕ್ಕಿತ್ತು?

ಬೆಂಗಳೂರಿನ ಬಸ್ಸು ಹೊರಡೋದರಲ್ಲಿತ್ತು. ಕಿಟಕಿ ಪಕ್ಕ ಸೂರಜ್!

"ಇಳೀರಿ ಕೆಳಗೆ!"

ಇಳಿದ. ತಲೆ ಎತ್ತಲಿಲ್ಲ. "ನಿಮಗೆ ಇಲ್ವಲ್ಲ... ನನ್ನಿಂದ ಯಾಕೆ ನಿಮಗೆ..."

"ನಂಗಿಲ್ಲ. ಬರದ ಹಾಗೆ ಲಸಿಕೆಯೂ ಶುರು. ನೋಡಿ!" ಹತ್ತಿ ತೆಗೆದು ತೋಳು ತೋರಿಸಿದಳು. "ಒಂದು ಸೂಜಿ ಆಯ್ತು, ಇನ್ನೆರಡುಂಟು. ಮೂರು ಸೂಜಿ ನಾನು ಹಾಕಿಸ್ಕೊಳ್ತೇನೆ. ಆಮೇಲೆ ಮೂರು ಗಂಟು ನೀವು ಹಾಕಿ."

ಸೂರಜ್ ಬ್ಯಾಗ್ ಕೆಳಗಿಟ್ಟ. "ನಿಮ್ಮ ಅಪ್ಪ...?"

"ಅಂಗಿ ತೋಳು ಮಡಚಿಕೊಂಡು ಸೀತಾಕ್ಕನ ಮುಂದೆ ಕ್ಯೂನಲ್ಲಿದ್ದಾರೆ. ಸೂಜಿ ಕಂಡ್ರೆ ಹೆದರಿಕೆ, ಅದಕ್ಕೇ ಎಲ್ಲರಿಗೂ ದಾರಿ ಬಿಡ್ತಿದ್ದಾರೆ."

ಅವನು ನಕ್ಕ. ಮೊದಲ ಸಲ. ಬಸ್ಸು ಅವನನ್ನ ಬಿಟ್ಟು ಹೊರಟಿತು.

ವೀಕ್ಷಾ ಅವನ ಗಾಯ ಮಾಗಿದ ಬೆರಳನ್ನ ಹಿಡಿದುಕೊಂಡಳು. ಈ ಸಲ ಅವನು ಕಿರುಚಲಿಲ್ಲ.

"ಲಿವರ್ ಹೇಗುಂಟು?" ಕೇಳಿದಳು.

"ಅದು ಪರವಾಗಿಲ್ಲ... ಹೃದಯದ್ದೇ ಸ್ವಲ್ಪ ಗಲಾಟೆ."