ಹೆಗಲನ್ನು ಮಾರಿದ ಅರಸ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ, ಕರಿಗಡ ಎಂಬ ರಾಜ್ಯವಿತ್ತು. ಅದರ ಅರಸ ವೀರಘಂಟನಿಗೆ ಸೋಲಿಲ್ಲದ ಕತ್ತಿ ಬೇಕೆಂಬ ಹುಚ್ಚು. ನುಡಿನುಂಗ ಎಂಬ ಮಾಂತ್ರಿಕ ಅದನ್ನು ಕೊಟ್ಟ. ಬದಲಿಗೆ, "ನಿನ್ನ ನಾಡಿನ ಒಂದು ಮಾತು ಕೊಡು, ಸಾಕು" ಎಂದ.

ಹುಟ್ಟಿದಾಗಿನಿಂದ ಪಲ್ಲಕ್ಕಿಯಲ್ಲೇ ತಿರುಗಿದ ಅರಸ, ತನಗೆ ಬೇಡದ ಮಾತು ಯಾವುದೆಂದು ಯೋಚಿಸಿದ. "ಹೆಗಲು ತಗೋ" ಎಂದುಬಿಟ್ಟ. ಹೊತ್ತವನಿಗೆ ತಾನೇ ಅದರ ಬೆಲೆ ಗೊತ್ತು!

ಮಾತು ಹೋಯಿತು, ಅದರ ಜೊತೆ ಹೊರುವ ಬಲವೂ ಹೋಯಿತು. ಪಲ್ಲಕ್ಕಿ ನೆಲ ಕಚ್ಚಿತು. ಎತ್ತುಗಳು ನೊಗಕ್ಕೆ ನಿಲ್ಲಲಿಲ್ಲ. ಅಪ್ಪಂದಿರು ಮಕ್ಕಳನ್ನು ಹೊರಲಾರದೆ ಹೋದರು. ಅರಸ ಕುದುರೆ ಹತ್ತಿ ಯುದ್ಧದ ಮೇಲೆ ಯುದ್ಧ ಗೆದ್ದ. ಸತ್ತವರು ಸತ್ತಲ್ಲೇ ಉಳಿದರು, ಚಟ್ಟ ಎತ್ತುವವರಿರಲಿಲ್ಲ.

ಪಲ್ಲಕ್ಕಿ ಹೊರುತ್ತಿದ್ದ ಸಿದ್ದಬೋವಿಯೂ ಒಂದು ದಿನ ಸತ್ತ. ಅವನ ಮಗಳು ಕೆಂಚಿ ಹೆಣದ ಪಕ್ಕ ಕೂತು ನೊಣ ಓಡಿಸುತ್ತಿದ್ದಳು.

ಅಜ್ಜಿ ಹೇಳಿದಳು: "ಮಗಾ, ಮಾತು ಹುಟ್ಟಿದ ಕತೆ ಹೇಳಿದೋರಿಗೆ ನುಡಿನುಂಗ ಅದನ್ನ ಬಿಟ್ಟುಕೊಡ್ಲೇಬೇಕು. ಅವನಿಗೆ ಅದೇ ಶಾಪ. ಹೇಳಕ್ಕಾಗದಿದ್ರೆ ನಿನ್ನ ಹೆಸರನ್ನೇ ನುಂಗ್ತಾನೆ. ಆಮೇಲೆ ನಿನ್ನ ಏನಂತ ಕರೀಲಿ?"

"ಅಪ್ಪನ್ನ ನಾಯಿನರಿಗೆ ಬಿಟ್ಟು ಬದುಕೋದಾ ಅಜ್ಜಿ?" ಎಂದಳು ಕೆಂಚಿ. ಎದ್ದು ಹೊರಟಳು.

ದಾರಿಯಲ್ಲಿ ಕಬ್ಬಿಣದ ಕೊಕ್ಕಿನ ಕೊಕ್ಕರೆ ಅಡ್ಡ ನಿಂತಿತು. "ಕುಡುಗೋಲಿಗೆ ಆ ಹೆಸರು ಎಲ್ಲಿಂದ ಬಂತು? ತಪ್ಪಿದರೆ ಕಣ್ಣು ಕೀಳುತ್ತೇನೆ."

"ಕುಡು ಅಂದ್ರೆ ಬಾಗಿದ್ದು. ಬಾಗಿದ ಕೋಲು ಅದು. ಹಿಡಿದೋರನ್ನೂ ಬಗ್ಗಿಸ್ತದೆ. ನಮ್ಮವ್ವ ಬಗ್ಗಿದೋಳು ಎದ್ದು ನಿಂತಿದ್ದನ್ನ ನಾನು ನೋಡ್ಲೇ ಇಲ್ಲ."

ಕೊಕ್ಕರೆ ಸರಿದು ನಿಂತಿತು.

ಮುಂದೆ ಹುಲಿ. "ಕತ್ತಿಯ ಅಂಚಿಗೆ ಬಾಯಿ ಅನ್ನುವುದೇಕೆ? ತಪ್ಪಿದರೆ ತಿನ್ನುತ್ತೇನೆ."

"ಅದಕ್ಕೆ ಹಸಿವು ಜಾಸ್ತಿ. ನಿನಗಾದ್ರೂ ಹೊಟ್ಟೆ ತುಂಬ್ತದೆ. ನಮ್ಮ ಕೇರಿ ಗಂಡಸರನ್ನೆಲ್ಲ ತಿಂದ್ರೂ ಅದಕ್ಕೆ ತುಂಬ್ಲಿಲ್ಲ."

ಹುಲಿ ತಲೆ ತಗ್ಗಿಸಿ ದಾರಿ ಬಿಟ್ಟಿತು.

ಗವಿಯಲ್ಲಿ ನುಡಿನುಂಗ ಸೋರೆಬುರುಡೆಗಳ ನಡುವೆ ಕೂತಿದ್ದ. ಒಂದೊಂದು ಬುರುಡೆಯಲ್ಲೂ ಒಂದೊಂದು ಮಾತು ಅಳುತ್ತಿತ್ತು. "ನೀನು ಕೇಳಬಂದ ಮಾತು ಯಾವ ಪಂಡಿತನ ಬಾಯಲ್ಲಿ ಹುಟ್ಟಿತು, ಹೇಳು" ಎಂದ.

ಕೆಂಚಿಗೆ ತಿಳಿಯದು. ಆ ಮಾತೇ ನಾಲಿಗೆಗೆ ಬಾರದು. ಅವಳ ಹೆಸರಿನ ಮೊದಲಕ್ಷರ ಆಗಲೇ ಅವನ ಗಂಟಲಿಗೆ ಇಳಿಯುತ್ತಿತ್ತು. ಅವಳಿಗೆ ತುಂಬ ಭಯವಾಯಿತು. ಅಪ್ಪನ ಕತ್ತಿನ ಕೆಳಗಿನ ಜಡ್ಡು ನೆನಪಾಯಿತು. ಚಿಕ್ಕಂದಿನಲ್ಲಿ ಅದರ ಮೇಲೇ ಗಲ್ಲ ಇಟ್ಟು ಮಲಗುತ್ತಿದ್ದಳು.

"ಯಾವ ಪಂಡಿತನೂ ಹುಟ್ಟಿಸಿಲ್ಲ," ಎಂದಳು ಅಳುತ್ತ. "ಲೋಕದಲ್ಲಿ ಮೊದಲ ಸಾವಾದಾಗ, ಸತ್ತವನ ತಮ್ಮ ಒಬ್ಬನೇ ಎತ್ತಕ್ಕಾಗ್ದೆ ಕೂಗಿದ. ಗುರುತಿಲ್ಲದವನೊಬ್ಬ ಓಡಿ ಬಂದು ಏನೂ ಕೇಳದೆ ಮೈ ಒಡ್ಡಿದ. ಒಡ್ಡಿದ ಆ ಜಾಗಕ್ಕೆ ಆ ತಮ್ಮನೇ ಒಂದು ಹೆಸರಿಟ್ಟ. ಅದೇ... ಹೆಗಲು!"

ಬುರುಡೆ ಒಡೆಯಿತು. ಉಳಿದವೂ ಒಡೆದವು. ಮಾತುಗಳೆಲ್ಲ ಹಾರಿಹೋದ ಮೇಲೆ ನುಡಿನುಂಗ ಬರೀ ಒಣಗಿದ ಸಿಪ್ಪೆಯಾಗಿ ಉದುರಿದ. ಅತ್ತ ಅರಸನ ಕೈಯಲ್ಲಿ ಕತ್ತಿ ತುಕ್ಕಾಗಿ ಸುರಿಯಿತು.

ಕೆಂಚಿ ಮನೆಗೆ ಬಂದು ಚಟ್ಟ ಕಟ್ಟಿದಳು. ಕೇರಿಯಲ್ಲಿ ಹೊರಲು ಉಳಿದಿದ್ದವರು ಇಬ್ಬರು ಮುದುಕರು. ತಾನೂ ಸೇರಿ ಮೂವರಾದರು. ನಾಲ್ಕನೆಯವರಿರಲಿಲ್ಲ. ಆಗ ಅರಸ ಬರಿಗಾಲಲ್ಲಿ ನಡೆದು ಬಂದ.

"ನಾನು ಹೆಗಲು ಕೊಡಲೇ, ತಾಯಿ?"

ಅವಳಿಗೆ ಕಲ್ಲೆತ್ತಿ ಹೊಡೆಯುವಷ್ಟು ಸಿಟ್ಟು ಬಂತು. ಆದರೆ ಅಪ್ಪ ಕಾಯುತ್ತಿದ್ದ.

"ಎಡಗಡೆ ನಿಲ್ಲಿ ಬುದ್ಧಿ," ಎಂದಳು. "ಅಪ್ಪ ನಿಮ್ಮನ್ನ ಹೊರ್ತಿದ್ದಿದ್ದು ಆ ಕಡೆಯಿಂದಲೇ."

ಸಿದ್ದಬೋವಿ ಮಣ್ಣು ಸೇರಿದ. ಅರಸ ನಿಲ್ಲಲಿಲ್ಲ. ಯುದ್ಧದ ಬಯಲಲ್ಲಿ ಬಿದ್ದಿದ್ದ ಒಬ್ಬೊಬ್ಬರನ್ನೂ ಹೊತ್ತು ತಂದ. ಅವನ ಹೆಗಲು ಕೆಂಪಾಯಿತು, ಹುಣ್ಣಾಯಿತು, ಕೊನೆಗೆ ಜಡ್ಡುಗಟ್ಟಿತು. ಅಷ್ಟು ಹೆಣಗಳಿದ್ದವು.

ಆಮೇಲೆ ಕರಿಗಡದಲ್ಲಿ ಉಳಿದವರೆಲ್ಲ ಸುಖವಾಗಿ ಬಾಳಿದರು. ಅಲ್ಲಿ ಇಂದಿಗೂ ಪಟ್ಟ ಕಟ್ಟುವ ಮೊದಲು ಹೊಸ ಅರಸನ ಅಂಗಿ ಸರಿಸಿ, ಕತ್ತಿನ ಕೆಳಗೆ ಕೈಯಾಡಿಸಿ ನೋಡುತ್ತಾರೆ. ನುಣ್ಣಗಿದ್ದರೆ ಮನೆಗೆ ಕಳಿಸುತ್ತಾರೆ.